ಓದುಗರ ಸ್ಪಂದನ: ‘ಓದು ಬಿಟ್ಟು ಊರಿಗೆ ಮರಳಲೇ?’

ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಹಳ್ಳಿಗಾಡಿನ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರದ ಎಂ.ಎ.ಗೆ ಸೇರಿದ ಸಹೋದರಿಯೊಬ್ಬರು, ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿಲ್ಲವೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ಬಂದ ಪತ್ರಗಳಲ್ಲಿ ಕೆಲವು:

ತಂಗೀ, ನಾನು ಮರಳಿದವನು. 2004ರಲ್ಲಿ ಮೊದಲ ಕಿರುಪರೀಕ್ಷೆಯಲ್ಲಿ ನಾಲ್ಕು ಸಾಲು ಬರೆದು ಎದ್ದುಬಂದೆ. ಮರುದಿನ ಟ್ರಂಕ್ ಹೊತ್ತು ಮೊದಲ ಬಸ್ ಹತ್ತಿದೆ. ಮನೆಯಲ್ಲಿ ರಜೆ ಎಂದೆ. ಅಪ್ಪ ಎರಡು ತಿಂಗಳು ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ತಾವೇ ಟ್ರಂಕನ್ನು ಅಟ್ಟಕ್ಕೆ ಎತ್ತಿಟ್ಟರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಈಗ ಕಿರಾಣಿ ಅಂಗಡಿ ಇಟ್ಟಿದ್ದೇನೆ. ಟೊಮೆಟೊ ತುಟ್ಟಿಯಾದರೆ ಜನ ಹುಣಸೆಹಣ್ಣಿಗೆ ಹೊರಳುತ್ತಾರೆ. ಉಪ್ಪು ತುಟ್ಟಿಯಾದರೆ ಗೊಣಗುತ್ತಲೇ ಕೊಳ್ಳುತ್ತಾರೆ. ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದರೆ ಇಷ್ಟೇ ಎಂದು ಆಗ ಯಾರಾದರೂ ಹೇಳಿದ್ದರೆ! ಆ ಕನ್ನಡ ಪದವೇನೂ ಇಂಗ್ಲಿಷಿಗಿಂತ ಸುಲಭವಲ್ಲ ಬಿಡಿ. ಟ್ರಂಕ್ ಇನ್ನೂ ಅಟ್ಟದಲ್ಲೇ ಇದೆ.
– ಅಂಗಡಿಕಾರ, ಹಾವೇರಿ ಜಿಲ್ಲೆ

ಈ ಪತ್ರವನ್ನು ಮೊಟಕುಗೊಳಿಸಲು ಮನಸ್ಸಾಗಲಿಲ್ಲ. ಮುಂದಿನದಕ್ಕೆ ಆ ಅಗತ್ಯವೇ ಬೀಳಲಿಲ್ಲ.

ನಿಘಂಟು ಕೊಳ್ಳಿ. ಮೊಬೈಲ್ ಬದಿಗಿಡಿ. ಅಳಲು ಪತ್ರಿಕೆಯಲ್ಲಿ ಜಾಗ ಕೇಳಬೇಡಿ.
– ನಿವೃತ್ತ ಮುಖ್ಯೋಪಾಧ್ಯಾಯ

ಇಂಗ್ಲಿಷ್ ಹಾಗಿರಲಿ, ಆ ಹುಡುಗಿಗೆ ಹಾಸ್ಟೆಲ್ ಸಿಕ್ಕಿದೆಯೇ? ನನ್ನ ಮಗಳು ಸಂಜೆಯ ಬಸ್ಸಿಗೆಂದು ಕೊನೆಯ ತರಗತಿಯನ್ನು ಅರ್ಧಕ್ಕೇ ಬಿಟ್ಟು ಓಡುತ್ತಾಳೆ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ನಿಜ, ಬಸ್ ನಿಲ್ಲಬೇಕಲ್ಲ!
– ಒಬ್ಬ ತಾಯಿ

ಕೇಳಿದ್ದು ಇದಲ್ಲವಾದರೂ, ಕೇಳಬೇಕಾದ ಮಾತೇ.

ನಾನು ಅತಿಥಿ ಉಪನ್ಯಾಸಕಿ. ಒಂದು ಮಾತು ಒಪ್ಪಿಕೊಳ್ಳುತ್ತೇನೆ: ನಮ್ಮಲ್ಲಿ ಹಲವರು ಇಂಗ್ಲಿಷ್ ಟಿಪ್ಪಣಿ ಬರೆಸುವುದು ವಿಷಯ ಕಷ್ಟವೆಂದಲ್ಲ, ಮಾತಿಗಿಳಿದರೆ ನಮಗೂ ತಡವರಿಕೆ. ಪಾಠ ಇಂಗ್ಲಿಷಿನಲ್ಲಿದ್ದರೂ ಸ್ಥಳೀಯ ಭಾಷೆಯಲ್ಲಿ ಉತ್ತರಿಸಲು ಬಿಡಿ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲೇ ವಿಶ್ವವಿದ್ಯಾಲಯಗಳನ್ನು ಕೋರಿದೆ. ನಿಮ್ಮಲ್ಲಿ ಅವಕಾಶವಿದೆಯೇ ಎಂದು ವಿಭಾಗದಲ್ಲಿ ಇಂದೇ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಬಾಯಿ ಬಿಡದೆ ಕುಳಿತವರು ನಿಮ್ಮ ತರಗತಿಯಲ್ಲಿ ಅದಕ್ಕಿಂತ ಹೆಚ್ಚೇ ಇದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ತಂದ ಹಳೆಯ ಕನ್ನಡ ಪಠ್ಯಗಳನ್ನು ಗ್ರಂಥಾಲಯದಲ್ಲಿ ಹುಡುಕಿ. ಇಂಗ್ಲಿಷನ್ನು ಪೂರ್ತಿ ಕೈಬಿಡಬೇಡಿ: ಉಪನ್ಯಾಸಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳಲ್ಲಿ ರಾಜ್ಯದ ಕೆ-ಸೆಟ್ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ, ರಾಷ್ಟ್ರಮಟ್ಟದ ನೆಟ್‌ನ ಅರ್ಥಶಾಸ್ತ್ರ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ.
– ಕಲಬುರಗಿ ಜಿಲ್ಲೆಯಿಂದ

ಪರೀಕ್ಷೆಗೆ ಆರು ವಾರವಿದೆಯೆಂದು ಸಹೋದರಿ ಬರೆದಿದ್ದರು. ಈ ಸಂಚಿಕೆ ತಲುಪುವುದು ತಡವಾದೀತೆಂದು ಕೊನೆಯ ಪತ್ರವನ್ನು ಅವರಿಗೆ ಮೊದಲೇ ಅಂಚೆಯಲ್ಲಿ ಕಳುಹಿಸಿದ್ದೇವೆ.
– ಸಂಪಾದಕ