ಎಸಿ ಹುಟ್ಟಿದ್ದು ಪ್ರಿಂಟಿಂಗ್ ಪ್ರೆಸ್ಸಿಗೋಸ್ಕರವಂತೆ, ನಿಜಾನಾ?

ಹಾಸನದ ಪ್ರೆಸ್ಸಿನವ:
ಹಾಸನದಲ್ಲಿ ನಮ್ಮದೊಂದು ಚಿಕ್ಕ ಆಫ್‌ಸೆಟ್ ಪ್ರೆಸ್ ಇದೆ. ಮಷೀನು ಸಿಂಗಲ್ ಕಲರ್, ಹಾಗಾಗಿ ನಾಲ್ಕು ಬಣ್ಣದ ಕೆಲಸ ಅಂದ್ರೆ ಅದೇ ಹಾಳೆಯನ್ನು ನಾಲ್ಕು ಸಲ ಓಡಿಸಬೇಕು. ಆಷಾಢದಲ್ಲಿ ಮದುವೆ ಇರಲ್ಲ ಸರಿ, ಆದರೆ ಶ್ರಾವಣದ ಲಗ್ನಪತ್ರಿಕೆಗಳೆಲ್ಲ ಆ ಮಳೆಯಲ್ಲೇ ಪ್ರಿಂಟ್ ಆಗಬೇಕಲ್ವಾ? ಇವತ್ತು ಹಳದಿ ಹೊಡೆದು ನಾಳೆ ಕೆಂಪು ಹೊಡೆಯುವಷ್ಟರಲ್ಲಿ ಪೇಪರ್ ಶೀತ ಕುಡಿದು ಹಿಗ್ಗಿರುತ್ತದೆ, ಬಣ್ಣದ ಮೇಲೆ ಬಣ್ಣ ಕೂರುವುದೇ ಇಲ್ಲ, ಗಣಪತಿಗೆ ಎರಡು ಸೊಂಡಿಲು. ಎಸಿ ಹಾಕಿಸೋಣ ಅಂತ ಮೆಕ್ಯಾನಿಕ್ ಕರೆಸಿದರೆ ಆತ "ಎಸಿ ಹುಟ್ಟಿದ್ದೇ ಪ್ರೆಸ್ಸಿಗೋಸ್ಕರ ಸಾರ್, ಕ್ಯಾರಿಯರ್ ಕಂಪನಿ ಶುರುವಾಗಿದ್ದೇ ಹಾಗೆ" ಅಂದ. ನಿಜಾನಾ, ಸುಮ್ನೆ ವ್ಯಾಪಾರದ ಮಾತಾ?

ತಣ್ಣನೆ ಗಾಳಿ:
ಮುಕ್ಕಾಲು ನಿಜ ಸರ್. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್ ವಿಲ್ಹೆಲ್ಮ್ಸ್ ಅನ್ನುವ ಪ್ರೆಸ್ಸಿಗೆ ನಿಮ್ಮದೇ ಕಾಯಿಲೆ ಇತ್ತು. ಅವರು ಬಫಲೋ ಫೋರ್ಜ್ ಕಂಪನಿಯನ್ನು ಕೇಳಿದರು. ತಮಾಷೆ ಏನಂದ್ರೆ ಆ ಕಂಪನಿ ಮಾಡುತ್ತಿದ್ದದ್ದು ಹೀಟರ್, ಫ್ಯಾನ್! ಅಲ್ಲಿ ಹಿಂದಿನ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ ವಿಲ್ಲಿಸ್ ಕ್ಯಾರಿಯರ್‌ಗೆ ಆಗ 25 ವರ್ಷ. ಬಿಸಿ ಮಾಡುವ ಪೈಪಿನ ಸುರುಳಿಯೊಳಗೆ ತಣ್ಣೀರು ಹರಿಸಿ, ಅದರ ಮೇಲೆ ಗಾಳಿ ಬಿಟ್ಟರೆ ಗಾಳಿಯ ತೇವ ಅಲ್ಲೇ ನೀರಾಗಿ ಇಳಿಯುತ್ತದೆ ಅನ್ನೋದು ಅವರ ಲೆಕ್ಕ. ಪ್ರೆಸ್ಸಿನ ಗಾಳಿಯಲ್ಲಿ ತೇವಾಂಶ ಶೇ. 55ರಲ್ಲಿ ನಿಲ್ಲಬೇಕು ಅಂತ ಗುರಿ. ಜನರಿಗೆ ತಂಪಾಗಲಿ ಅನ್ನೋದು ಯಾರ ತಲೆಯಲ್ಲೂ ಇರಲಿಲ್ಲ.

ಆದರೆ ಕಂಪನಿ ಶುರುವಾಗಿದ್ದು ಆಗಲ್ಲ. ಮೊದಲನೇ ಮಹಾಯುದ್ಧದ ಕಾಲಕ್ಕೆ ಬಫಲೋ ಫೋರ್ಜ್ ಈ ವಿಭಾಗವೇ ಬೇಡ ಅಂತ ಮುಚ್ಚಿತು. 1915ರಲ್ಲಿ ಕ್ಯಾರಿಯರ್ ಸೇರಿ ಏಳು ಜನ ಇಂಜಿನಿಯರುಗಳು 32,600 ಡಾಲರ್ ಒಟ್ಟುಮಾಡಿ ತಮ್ಮದೇ ಕಂಪನಿ ತೆರೆದರು.

ಕಾಫಿ ಕಣ:
ಚಿಕ್ಕಮಗಳೂರಿನಿಂದ. 1906ರಲ್ಲಿ ಕ್ಯಾರಿಯರ್‌ಗೆ ಸಿಕ್ಕ ಪೇಟೆಂಟ್‌ನಲ್ಲಿ ಗಾಳಿಗೆ ನೀರು ಸಿಂಪಡಿಸುತ್ತಿದ್ದರಂತೆ, ಹೌದಾ? ನಾವಿಲ್ಲಿ ಕಣದಲ್ಲಿ ಕಾಫಿಯನ್ನು ಹತ್ತು ಪರ್ಸೆಂಟ್ ತೇವಕ್ಕೆ ತರೋಕೆ ದಿನಗಟ್ಟಲೆ ಒದ್ದಾಡುತ್ತೇವೆ, ಅಡ್ಡ ಮಳೆ ಬಂದರೆ ಟಾರ್ಪಾಲ್ ಎಳೆದುಕೊಂಡು ಓಡುತ್ತೇವೆ. ನೀರು ಹೊಡೆದು ಒಣಗಿಸೋದು ಅಂದ್ರೆ ನಂಬೋಕಾಗಲ್ಲ.

ತಣ್ಣನೆ ಗಾಳಿ:
ಹೌದು ಸರ್, ನೀರು ಚೆನ್ನಾಗಿ ತಣ್ಣಗಿರಬೇಕು, ಅಷ್ಟೇ. ಐಸ್ ನೀರಿನ ಲೋಟದ ಹೊರಗೆ ಬೆವರು ಕೂರುತ್ತದಲ್ಲ, ಅದು ಗಾಳಿಯಲ್ಲಿದ್ದ ತೇವವೇ. ಹಾಗೇ ತಣ್ಣನೆ ಹನಿಗಳ ಮೇಲೂ ಗಾಳಿ ತನ್ನ ತೇವ ಬಿಟ್ಟು ಹೋಗುತ್ತದೆ. ನೀರು ಎಷ್ಟು ತಣ್ಣಗಿದೆ ಅನ್ನೋದನ್ನು ಹಿಡಿತದಲ್ಲಿಟ್ಟರೆ ತೇವವೂ ಹಿಡಿತಕ್ಕೆ ಬಂತು. ಜನರ ಸುಖಕ್ಕೆ ಬಂದಿದ್ದು ಆಮೇಲೆ. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಥಿಯೇಟರಿಗೆ ಹಾಕಿದರು, ಬೇಸಿಗೆಯಲ್ಲೂ ಜನ ಸಿನಿಮಾಕ್ಕೆ ನುಗ್ಗಿದರು.

ಪ್ರೆಸ್ಸಿನವರೇ, ನೀವು ರೂಮನ್ನು ಹದಿನೆಂಟು ಡಿಗ್ರಿಗೆ ಇಳಿಸೋದೇನೂ ಬೇಡ. ಡ್ರೈ ಮೋಡ್, ಅಂದ್ರೆ ಮುಖ್ಯವಾಗಿ ತೇವ ತೆಗೆಯುವ ಸೆಟ್ಟಿಂಗ್, ಇರುವ ಎಸಿ ತಗೊಳ್ಳಿ, ತೇವಾಂಶ ಅಳೆಯುವ ಮೀಟರ್ ಒಂದಿರಲಿ, ಪೇಪರ್ ಬಂಡಲ್ ಹಿಂದಿನ ದಿನವೇ ಆ ರೂಮಿಗೆ ಬರಲಿ.

ಹಾಸನದ ಪ್ರೆಸ್ಸಿನವ:
ಅಯ್ಯೋ, ನಮ್ಮ ಪೇಪರ್ ಇರೋದು ಹಿತ್ತಿಲ ಶೀಟಿನ ಕೆಳಗೆ! ಎಸಿಗಿಂತ ಮುಂಚೆ ಅದನ್ನು ಒಳಗೆ ತರುತ್ತೇನೆ. ಮೆಕ್ಯಾನಿಕ್‌ಗೆ ಒಂದು ಕಾಫಿ ಬಾಕಿ.