ಬಾಟಲಿ ಮತ್ತು ಬಲೂನಿನ ಶ್ವಾಸಕೋಶ ಮಾದರಿ: ಏಳನೇ ತರಗತಿಯ ಮಕ್ಕಳಿಗೆ ಉಸಿರಾಟವನ್ನು ವಿವರಿಸುವುದು ಹೇಗೆ?

ಪ್ರಶ್ನೆ: ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ

ಏಳನೇ ತರಗತಿಯ ಉಸಿರಾಟದ ಪಾಠದ ಜೊತೆ ಮಾಡಿಸುವ ಬಾಟಲಿಯ ಮಾದರಿ ಇಲ್ಲಿನ ಬಹುತೇಕರಿಗೆ ಗೊತ್ತಿರುತ್ತದೆ. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಮುಚ್ಚಳದ ಮೂಲಕ ಇಳಿಬಿಟ್ಟ ಕವಲು ಕೊಳವೆ, ಅದರ ಎರಡು ತುದಿಗಳಿಗೆ ಕಟ್ಟಿದ ಬಲೂನುಗಳು, ತಳಕ್ಕೆ ಬಿಗಿದ ರಬ್ಬರ್ ಹಾಳೆ. ಹಾಳೆಯನ್ನು ಕೆಳಗೆ ಎಳೆದರೆ ಬಲೂನುಗಳು ಉಬ್ಬಬೇಕು, ಬಿಟ್ಟರೆ ಕುಗ್ಗಬೇಕು. ಈ ಮಾದರಿಯನ್ನು ಮಕ್ಕಳಿಂದಲೇ ಗುಂಪುಗಳಲ್ಲಿ ಮಾಡಿಸಿದ್ದೇನೆ. ಕೆಲವು ಗುಂಪುಗಳ ಬಲೂನುಗಳು ಎಷ್ಟು ಎಳೆದರೂ ಉಬ್ಬುವುದಿಲ್ಲ ಎಂಬುದು ಮೊದಲ ತೊಡಕು.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಮಾದರಿಯನ್ನು ಕಣ್ಣಾರೆ ಕಂಡ ಮೇಲೂ ಮಕ್ಕಳು ಉತ್ತರ ಬರೆಯುವಾಗ, "ಗಾಳಿ ಒಳಗೆ ಹೋಗಿ ತುಂಬಿಕೊಳ್ಳುತ್ತದೆ, ಆದ್ದರಿಂದ ಎದೆ ಉಬ್ಬುತ್ತದೆ" ಎಂದೇ ಬರೆಯುತ್ತಾರೆ. ಎದೆ ಹಿಗ್ಗುವುದರಿಂದ ಗಾಳಿ ಒಳಗೆ ಬರುತ್ತದೆ ಎಂಬ ಕ್ರಮ ಅವರ ಮನಸ್ಸಿಗೆ ಇಳಿಯುತ್ತಿಲ್ಲ. ಇದರ ನಡುವೆ ಒಬ್ಬ ಹುಡುಗಿ, "ಟೀಚರ್, ಬಾಟಲಿ ಅಲ್ಲಾಡುವುದೇ ಇಲ್ಲ, ನಮ್ಮ ಎದೆ ಮಾತ್ರ ಯಾಕೆ ಮೇಲೇಳುತ್ತದೆ?" ಎಂದು ಕೇಳಿದಳು. ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಮಾತಿನಲ್ಲಷ್ಟೇ ಹೇಳಿ ಮುಗಿಸದೆ ಮಾಡಿ ತೋರಿಸಬೇಕೆಂಬುದು ನನ್ನ ಆಸೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಧಾರವಾಡ

ಮೊದಲು ಮಾದರಿಯ ದೋಷದ ಬಗ್ಗೆ ಹೇಳುತ್ತೇನೆ. ಬಲೂನು ಉಬ್ಬದಿರುವುದಕ್ಕೆ ಗಾಳಿಯ ಸೋರಿಕೆಯೇ ಸಾಮಾನ್ಯ ಕಾರಣ. ಹಾಳೆಯನ್ನು ಎಳೆದು ಹಾಗೆಯೇ ಹಿಡಿದುಕೊಂಡು ಬಲೂನನ್ನು ಗಮನಿಸಿ. ಕೈ ಅಲುಗದಿದ್ದರೂ ಉಬ್ಬಿದ ಬಲೂನು ನಿಧಾನವಾಗಿ ಮುದುಡುತ್ತಿದ್ದರೆ ಮುಚ್ಚಳದ ರಂಧ್ರದಿಂದಲೋ ತಳದ ಅಂಚಿನಿಂದಲೋ ಗಾಳಿ ಬಾಟಲಿಯೊಳಗೆ ನುಸುಳುತ್ತಿದೆ ಎಂದರ್ಥ. ಮುಚ್ಚಳದ ಸುತ್ತ ಎಂ-ಸೀಲ್ ಮೆತ್ತಿ ಪೂರ್ತಿ ಗಟ್ಟಿಯಾಗಲು ಬಿಡಬೇಕು. ತಳದ ಕತ್ತರಿಸಿದ ಅಂಚನ್ನು ಟೇಪಿನಿಂದ ನಯ ಮಾಡಿ ಅದರ ಮೇಲೆ ಹಾಳೆಯನ್ನು ಬಿಗಿಯಬೇಕು.

ಬಾಟಲಿಯ ಆಯ್ಕೆಯೂ ಮುಖ್ಯ. ಈಗ ಸಿಗುವ ತೆಳು ನೀರಿನ ಬಾಟಲಿಗಳಲ್ಲಿ ಹಾಳೆಯನ್ನು ಎಳೆದ ಕೂಡಲೇ ಗೋಡೆಯೇ ಒಳಕ್ಕೆ ತಗ್ಗುತ್ತದೆ, ಆದ್ದರಿಂದ ಎಳೆದದ್ದೆಲ್ಲ ವ್ಯರ್ಥವಾಗುತ್ತದೆ. ಗೋಡೆ ದಪ್ಪವಿರುವ ಅರ್ಧ ಲೀಟರಿನ ಬಾಟಲಿ ಒಳ್ಳೆಯದು, ಏಕೆಂದರೆ ಒಳಗಿನ ಗಾಳಿ ಕಡಿಮೆಯಿದ್ದಷ್ಟೂ ಅಷ್ಟೇ ಎಳೆತಕ್ಕೆ ಒತ್ತಡ ಹೆಚ್ಚು ಇಳಿಯುತ್ತದೆ. ಹೊಸ ಬಲೂನುಗಳು ಬಿರುಸಾಗಿರುವುದರಿಂದ ಕಟ್ಟುವ ಮೊದಲು ಬಾಯಿಂದ ಊದಿ ಸಡಿಲಿಸಿಕೊಳ್ಳಿ. ಕವಲು ಕೊಳವೆ ಸಿಗದಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಗಾಳಿಯ ಪೈಪಿಗೆ ಹಾಕುವ ಜೋಡಣೆ ಸಿಗುತ್ತದೆ. ಅದೂ ಇಲ್ಲವಾದರೆ ಒಂದೇ ಬಲೂನಿನಲ್ಲಿ ತತ್ತ್ವವನ್ನು ತೋರಿಸಬಹುದು, ಅದರಿಂದ ಪಾಠಕ್ಕೆ ನಷ್ಟವೇನೂ ಇಲ್ಲ.

ನಿಮ್ಮ ಎರಡನೆಯ ತೊಡಕಿಗೆ ನಾನು ಅನುಸರಿಸುವ ಕ್ರಮ ಹೀಗಿದೆ. ಹಾಳೆಯನ್ನು ಎಳೆಯುವ ಮೊದಲು ಕೊಳವೆಯ ಬಾಯಿಯನ್ನು ಒಬ್ಬ ಹುಡುಗನ ಬೆರಳಿನಿಂದ ಮುಚ್ಚಿಸುತ್ತೇನೆ. "ಈಗ ಎಳೆದರೆ ಬಲೂನು ಉಬ್ಬುತ್ತದೆಯೇ?" ಎಂದು ತರಗತಿಯನ್ನು ಕೇಳಿ, ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದ ಮೇಲೆಯೇ ಎಳೆಯುತ್ತೇನೆ. ಬಲೂನು ಇದ್ದಂತೆಯೇ ಇರುತ್ತದೆ, ಆದರೆ ತನ್ನ ಬೆರಳನ್ನು ಯಾರೋ ಒಳಕ್ಕೆ ಎಳೆಯುತ್ತಿದ್ದಾರೆ ಎಂದು ಆ ಹುಡುಗ ಹೇಳುತ್ತಾನೆ. ಹಾಳೆಯನ್ನು ಹಿಡಿದುಕೊಂಡಿರುವಾಗಲೇ ಅವನು ಬೆರಳು ತೆಗೆದರೆ ಸುಯ್ಯೆಂಬ ಸದ್ದಿನೊಂದಿಗೆ ಬಲೂನು ಉಬ್ಬುತ್ತದೆ. ಜಾಗ ದೊಡ್ಡದಾದದ್ದು ಮೊದಲು, ಗಾಳಿ ಬಂದದ್ದು ಆಮೇಲೆ ಎಂಬುದನ್ನು ಮಕ್ಕಳು ಬೇರೆಬೇರೆಯಾಗಿ ಕಾಣುವುದು ಇಲ್ಲಿ ಮಾತ್ರ. ಹಾಳೆಯನ್ನು ಎಳೆಯುವುದೂ ಬಲೂನು ಉಬ್ಬುವುದೂ ಒಂದೇ ಕ್ಷಣದಲ್ಲಿ ನಡೆದರೆ, ಯಾವುದು ಕಾರಣ ಯಾವುದು ಪರಿಣಾಮ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಜಾಗ ಹೆಚ್ಚಾದರೆ ಒತ್ತಡ ಇಳಿಯುತ್ತದೆ ಎಂಬ ರಾಬರ್ಟ್ ಬಾಯ್ಲ್ ಅವರ 1662ರ ನಿಯಮವನ್ನು ಹೆಸರಿಸದಿದ್ದರೂ ನಡೆಯುತ್ತದೆ. ಬೆರಳಿನ ಅನುಭವವೇ ಆ ವಯಸ್ಸಿಗೆ ಸಾಕು.

ಉತ್ತರ 2: ವೈದ್ಯೆ, ಮೈಸೂರು

ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು, ಅದನ್ನು ತರಗತಿಯ ಮುಂದೆ ಮೆಚ್ಚಬೇಕು. ಬಾಟಲಿಯ ಮಾದರಿ ತೋರಿಸುವುದು ವಪೆಯ, ಎಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಹಾಳೆಯ, ಕೆಲಸವನ್ನು ಮಾತ್ರ. ನಮ್ಮ ಎದೆಗೂಡಿನ ಗೋಡೆ ಬಾಟಲಿಯಂತೆ ಗಡುಸಾದುದಲ್ಲ. ಪಕ್ಕೆಲುಬುಗಳು ಬೆನ್ನೆಲುಬಿನಿಂದ ಮುಂದಕ್ಕೆ ಇಳಿಜಾರಾಗಿ ಬರುತ್ತವೆ. ಅವುಗಳ ನಡುವಿನ ಸ್ನಾಯುಗಳು ಸಂಕುಚಿಸಿದಾಗ ಮೇಲಕ್ಕೆದ್ದು ಎದೆಯ ಮೂಳೆಯನ್ನು ಮುಂದಕ್ಕೆ ತಳ್ಳುತ್ತವೆ. ಇದಕ್ಕೆ ಬೇರೆಯದೇ ಮಾದರಿ ಬೇಕು. ರಟ್ಟಿನ ನಾಲ್ಕು ಪಟ್ಟಿಗಳನ್ನು ತೆಗೆದುಕೊಂಡು, ನಿಂತ ಎರಡನ್ನು ಬೆನ್ನೆಲುಬು ಮತ್ತು ಎದೆಮೂಳೆ ಎಂದೂ, ಅವುಗಳ ನಡುವೆ ಓರೆಯಾಗಿ ಇಳಿಯುವ ಎರಡನ್ನು ಪಕ್ಕೆಲುಬು ಎಂದೂ ಇಟ್ಟು, ಮೂಲೆಗಳಲ್ಲಿ ಸುಲಭವಾಗಿ ತಿರುಗುವಂತೆ ಪಿನ್ ಹಾಕಿ. ಓರೆ ಪಟ್ಟಿಗಳನ್ನು ಮೇಲಕ್ಕೆತ್ತಿ ಅಡ್ಡಕ್ಕೆ ತಂದಾಗ ನಿಂತ ಪಟ್ಟಿಗಳ ನಡುವಿನ ಅಂತರ ಹೆಚ್ಚುವುದನ್ನು ಮಕ್ಕಳು ಸ್ಕೇಲಿನಲ್ಲಿ ಅಳೆಯಬಹುದು. ಅದರ ಜೊತೆಗೆ ದರ್ಜಿಯ ಟೇಪನ್ನು ಎದೆಗೆ ಸುತ್ತಿ, ಉಸಿರು ಎಳೆದಾಗಿನ ಮತ್ತು ಬಿಟ್ಟಾಗಿನ ಅಳತೆಯನ್ನು ಬರೆದುಕೊಳ್ಳಲಿ.

ಮಾದರಿಯಲ್ಲಿ ನಿಜವಲ್ಲದ ಸಂಗತಿಗಳನ್ನೂ ಹೇಳಿಬಿಡುವುದು ಒಳ್ಳೆಯದೆಂದು ನನಗೆ ಬಲವಾಗಿ ಅನಿಸುತ್ತದೆ. ರಬ್ಬರ್ ಹಾಳೆ ಸುಮ್ಮನಿದ್ದಾಗ ಸಪಾಟಾಗಿದ್ದು, ಎಳೆದಾಗ ಕೆಳಕ್ಕೆ ಜೋತುಬೀಳುತ್ತದೆ. ವಪೆಯಾದರೋ ಸುಮ್ಮನಿರುವಾಗ ಎದೆಯೊಳಕ್ಕೆ ಗುಮ್ಮಟದಂತೆ ಬಾಗಿದ್ದು, ಸಂಕುಚಿಸಿದಾಗ ಕೆಳಗಿಳಿದು ಚಪ್ಪಟೆಯಾಗುತ್ತದೆ. ಆದ್ದರಿಂದ ಹಾಳೆಯನ್ನು ಸ್ವಲ್ಪ ಸಡಿಲವಾಗಿ ಕಟ್ಟಿ, ಮೊದಲು ಬೆರಳಿನಿಂದ ಮೇಲಕ್ಕೆ ಒತ್ತಿ, ಅಲ್ಲಿಂದ ಕೆಳಕ್ಕೆ ತನ್ನಿ. ಹೀಗೆ ಮಾಡಿದರೆ ಎಳೆತದ ದೂರವೂ ಹೆಚ್ಚಾಗಿ ಬಲೂನು ಇನ್ನೂ ಚೆನ್ನಾಗಿ ಉಬ್ಬುತ್ತದೆ.

ಬಲೂನಿಗೂ ಬಾಟಲಿಗೂ ನಡುವೆ ಕಾಣುವ ಖಾಲಿ ಜಾಗ ದೇಹದಲ್ಲಿ ಇಲ್ಲ. ಶ್ವಾಸಕೋಶವು ಎದೆಯ ಗೋಡೆಗೆ ತಾಗಿಕೊಂಡೇ ಇರುತ್ತದೆ. ಎರಡರ ನಡುವೆ ಇರುವುದು ದ್ರವದ ತೆಳ್ಳನೆಯ ಪದರ ಮಾತ್ರ. ಒದ್ದೆಯಾದ ಎರಡು ಗಾಜಿನ ತುಂಡುಗಳು ಒಂದರ ಮೇಲೊಂದು ಜಾರುತ್ತವೆಯೇ ಹೊರತು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲವಲ್ಲ, ಹಾಗೆಯೇ ಎದೆ ಹಿಗ್ಗಿದಾಗ ಶ್ವಾಸಕೋಶವೂ ಅದರೊಡನೆ ಹಿಗ್ಗುತ್ತದೆ. ಬಲೂನು ಖಾಲಿ ಚೀಲ; ಶ್ವಾಸಕೋಶದಲ್ಲಿರುವುದು ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳು. ಶಾಂತವಾಗಿ ಉಸಿರಾಡುವಾಗ ವಯಸ್ಕರಲ್ಲಿ ಒಂದು ಸಲಕ್ಕೆ ಒಳಬರುವ ಗಾಳಿ ಸುಮಾರು 500 ಮಿಲಿಲೀಟರ್. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ವಾತಾವರಣದ ಒತ್ತಡಕ್ಕಿಂತ ಶ್ವಾಸಕೋಶದೊಳಗಿನ ಒತ್ತಡ ಸುಮಾರು 1 ಮಿಲಿಮೀಟರ್ ಇಳಿದರೆ ಅಷ್ಟು ಗಾಳಿ ಬರಲು ಸಾಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಈ ಮಾದರಿ ಬಹಳ ಪ್ರಾಮಾಣಿಕವಾದುದು. ಹಾಳೆಯನ್ನು ಬಿಟ್ಟಾಗ ಬಲೂನು ಯಾರೂ ಹಿಂಡದೆ ತಾನಾಗಿಯೇ ಕುಗ್ಗುತ್ತದೆ. ವಿಶ್ರಾಂತಿಯಲ್ಲಿರುವಾಗ ನಾವು ಉಸಿರು ಬಿಡುವುದೂ ಹಾಗೆಯೇ, ಶ್ವಾಸಕೋಶದ ಸ್ವಂತ ಸೆಳೆತದಿಂದ. ಕೊನೆಯಲ್ಲಿ ಬಾಟಲಿಯ ಗೋಡೆಗೆ ಸೂಜಿಯಿಂದ ತೂತು ಮಾಡಿ ಎಳೆದು ತೋರಿಸಿ. ತೂತು ದೊಡ್ಡದಾದಷ್ಟೂ ಬಲೂನು ಉಬ್ಬುವುದು ಕಡಿಮೆಯಾಗುತ್ತದೆ. ಎದೆಗೆ ಆಳವಾದ ಗಾಯವಾಗಿ ಗಾಳಿ ನುಗ್ಗಿದಾಗ ಶ್ವಾಸಕೋಶ ಕುಸಿಯುವುದು ಏಕೆಂದು ಇದರಿಂದ ತಿಳಿಯುತ್ತದೆ. ಆ ತೂತನ್ನು ಬೆರಳಿನಿಂದ ಮುಚ್ಚಿದರೆ ಬಲೂನು ಮತ್ತೆ ಉಬ್ಬುತ್ತದೆ.

ಉತ್ತರ 3: ಪೋಷಕರು, ಶಿವಮೊಗ್ಗ

ಗಾಳಿಯನ್ನು ನೂಕುವುದಕ್ಕೂ ಸೆಳೆಯುವುದಕ್ಕೂ ಇರುವ ವ್ಯತ್ಯಾಸಕ್ಕೆ ಮಳೆಗಾಲದಲ್ಲಿ ನಮ್ಮ ಅಂಗಳದಲ್ಲೇ ಉದಾಹರಣೆ ಸಿಗುತ್ತದೆ. ಕಪ್ಪೆಗೆ ವಪೆ ಇಲ್ಲ. ಬಾಯಿಯ ತಳವನ್ನು ಇಳಿಸಿ ಮೂಗಿನ ಹೊಳ್ಳೆಗಳಿಂದ ಗಾಳಿ ತುಂಬಿಕೊಂಡು, ಹೊಳ್ಳೆ ಮುಚ್ಚಿ, ಆ ತಳವನ್ನು ಮೇಲಕ್ಕೆತ್ತಿ ಗಾಳಿಯನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಅದರ ಗಂಟಲು ಸದಾ ಮಿಡಿಯುತ್ತಿರುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. "ಗಾಳಿ ತುಂಬಿದ್ದರಿಂದ ಉಬ್ಬುತ್ತದೆ" ಎಂಬ ಮಕ್ಕಳ ಉತ್ತರ ಕಪ್ಪೆಗೆ ಸರಿ, ಮನುಷ್ಯನಿಗೆ ಸರಿಯಲ್ಲ ಎಂದು ಹೋಲಿಸಿ ಹೇಳಿದಾಗ ನನ್ನ ಮಗನಿಗೆ ವಿಷಯ ಬೇಗ ಹಿಡಿಯಿತು.

ದೊಡ್ಡ ಮಕ್ಕಳಿಗೆ ಕಬ್ಬಿಣದ ಶ್ವಾಸಕೋಶದ ಕಥೆಯನ್ನೂ ಹೇಳಬಹುದು. ಪೋಲಿಯೊದಿಂದ ಉಸಿರಾಟದ ಸ್ನಾಯುಗಳು ಸೋತವರನ್ನು, ತಲೆ ಮಾತ್ರ ಹೊರಗಿರುವಂತೆ ಲೋಹದ ಪೆಟ್ಟಿಗೆಯಲ್ಲಿ ಮಲಗಿಸಿ, ಒಳಗಿನ ಒತ್ತಡವನ್ನು ಇಳಿಸಿ ಎದೆ ಏಳುವಂತೆ ಮಾಡುತ್ತಿದ್ದರು. 1928ರಲ್ಲಿ ಬಾಸ್ಟನ್ನಿನಲ್ಲಿ ಎಂಟು ವರ್ಷದ ಒಬ್ಬ ಹುಡುಗಿಗೆ ಅದನ್ನು ಮೊದಲು ಬಳಸಲಾಯಿತು. ಬಾಟಲಿಯ ತತ್ತ್ವವೇ ಅಲ್ಲಿ ಜೀವ ಉಳಿಸುವ ಯಂತ್ರವಾಗಿತ್ತು.

ಮರುಪ್ರಶ್ನೆ: ಪ್ರಶ್ನೆ ಕೇಳಿದ ಶಿಕ್ಷಕಿ

ರಟ್ಟಿನ ಪಟ್ಟಿಗಳ ಮಾದರಿಯನ್ನು ಈ ವಾರವೇ ಮಾಡಿಸುತ್ತೇನೆ. ಟೇಪು, ಪಟ್ಟಿ, ಬಾಟಲಿ ಇವುಗಳಲ್ಲಿ ಯಾವುದನ್ನು ಮೊದಲು ಇಡಬೇಕು? ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದುವ ಪ್ರಯೋಗವನ್ನೂ ಇದೇ ಅವಧಿಯಲ್ಲಿ ಸೇರಿಸಬಹುದೇ?

ಉತ್ತರ 4: ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಧಾರವಾಡ

ಟೇಪಿನಿಂದಲೇ ಆರಂಭಿಸಿ, ಏಕೆಂದರೆ ಮಕ್ಕಳು ತಮ್ಮ ದೇಹದಲ್ಲಿ ಕಂಡ ಬದಲಾವಣೆಗೆ ವಿವರಣೆಯಾಗಿ ಮಾದರಿ ಬರಬೇಕೇ ಹೊರತು ಮಾದರಿಗೆ ಉದಾಹರಣೆಯಾಗಿ ದೇಹ ಬರಬಾರದು. ಆಮೇಲೆ ಪಟ್ಟಿ, ಕೊನೆಗೆ ಬಾಟಲಿ. ಪರೀಕ್ಷೆಯಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಹೇಳುವುದಕ್ಕಿಂತ, ತೂತಾದ ಬಾಟಲಿಯ ಚಿತ್ರ ಕೊಟ್ಟು ಏನಾಗುತ್ತದೆ, ಏಕೆ ಎಂದು ಕೇಳಿದರೆ ಬಾಯಿಪಾಠದ ಉತ್ತರ ಬರುವುದಿಲ್ಲ.

ತಿಳಿನೀರಿನ ಪ್ರಯೋಗವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಬಾಟಲಿ ಹೇಳುವುದು ಗಾಳಿ ಹೇಗೆ ಬಂದು ಹೋಗುತ್ತದೆ ಎಂಬುದನ್ನು; ತಿಳಿನೀರು ಹೇಳುವುದು ಆ ಗಾಳಿ ಒಳಗೆ ಏನಾಗಿ ಬದಲಾಯಿತು ಎಂಬುದನ್ನು. ಒಳಗೆ ಹೋಗುವ ಗಾಳಿಯಲ್ಲಿ ಶೇ. 0.04ರಷ್ಟಿರುವ ಕಾರ್ಬನ್ ಡೈಆಕ್ಸೈಡ್ ಹೊರಬರುವಾಗ ಶೇ. 4ಕ್ಕಿಂತ ಹೆಚ್ಚಾಗಿರುತ್ತದೆ, ಆದ್ದರಿಂದಲೇ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಎರಡನ್ನೂ ಒಂದೇ ದಿನ ಮಾಡಿದರೆ ಮಕ್ಕಳು ಎರಡು ವಿಷಯಗಳನ್ನೂ ಕಲಸಿಕೊಳ್ಳುತ್ತಾರೆ. ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟರೆ ಮೇಲಿನ ತಿಳಿ ಸಿಗುತ್ತದೆ. ಅದು ಕಣ್ಣಿಗೆ ತಾಗದಂತೆ, ಕೊಳವೆಯಲ್ಲಿ ಯಾರೂ ಒಳಕ್ಕೆ ಹೀರದಂತೆ ನೀವೇ ಪಕ್ಕದಲ್ಲಿ ನಿಂತು ಊದಿಸಿ. ಬಾಟಲಿಯ ತರಗತಿ ಮುಗಿದ ಮೇಲೆ ಬಲೂನಿನ ತುಂಡುಗಳನ್ನೂ ಎಣಿಸಿ ತೆಗೆದಿಡಿ. ಅವು ಚಿಕ್ಕ ಮಕ್ಕಳ ಬಾಯಿಗೆ ಹೋದರೆ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತವೆ.