ಎಂಡೋಸಲ್ಫಾನ್ ಮತ್ತು ಹಾರ್ಮೋನು: ಅಷ್ಟು ಸಣ್ಣ ಪ್ರಮಾಣ ಏನು ಮಾಡೀತು?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ತವರುಮನೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಹತ್ತಿರ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೂ ತೆರೆದ ಬಾವಿಯೊಳಗೂ ಅದು ಬೀಳುತ್ತಿತ್ತು. ಈಗ ನನ್ನ ಮಗನಿಗೆ 14 ತುಂಬಿದೆ, ಸ್ವರ ಒಡೆದಿಲ್ಲ, ಮೀಸೆ ಚಿಗುರಿಲ್ಲ. ರಕ್ತದಲ್ಲಿ ಇದ್ದೂ ಇಲ್ಲದಂತಿರುವ ವಿಷ ಹಾರ್ಮೋನನ್ನು ಹೇಗೆ ಕೆಡಿಸುತ್ತದೆ? ಮಗನ ಬೆಳವಣಿಗೆ ತಡವಾಗಲು ಅದೇ ಕಾರಣವೇ?

ವೈದ್ಯರ ಉತ್ತರ: ನಮಸ್ಕಾರ ಅಮ್ಮಾ. ‘ಇದ್ದೂ ಇಲ್ಲದಂತೆ’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಸಹಜ ಹಾರ್ಮೋನುಗಳೂ ರಕ್ತದಲ್ಲಿ ಹಾಗೆಯೇ ಇರುತ್ತವೆ. ಮುಟ್ಟಾಗುವ ವಯಸ್ಸಿನ ಮಹಿಳೆಯ ಒಂದು ಮಿಲಿಲೀಟರ್ ರಕ್ತದಲ್ಲಿ ಎಸ್ಟ್ರಾಡಯೋಲ್ (ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್‌ನ ಮುಖ್ಯ ರೂಪ) ಇರುವುದು ಕೆಲವು ಹತ್ತರಿಂದ ಕೆಲವು ನೂರು ಪಿಕೋಗ್ರಾಂ ಮಾತ್ರ. ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಇಷ್ಟರಿಂದಲೇ ಗರ್ಭಕೋಶವೂ ಮೂಳೆಯೂ ನಡೆಯುವುದು ಹಾರ್ಮೋನನ್ನು ಹಿಡಿದುಕೊಳ್ಳುವ, ಜೀವಕೋಶದೊಳಗಿನ ಗ್ರಾಹಕ ಎಂಬ ಪ್ರೋಟೀನಿನಿಂದ.

ಇದನ್ನು ವಿವರಿಸಲು ಬೀಗ ಮತ್ತು ಕೀಲಿಕೈಯ ಹೋಲಿಕೆಗಿಂತ ಕುಂಕುಮದ ಭರಣಿಯ ಹೋಲಿಕೆ ಹೆಚ್ಚು ಸರಿ ಎಂದು ನನ್ನ ಅಭಿಪ್ರಾಯ. ಈಸ್ಟ್ರೋಜೆನ್ ಗ್ರಾಹಕದಲ್ಲಿ ಒಂದು ಗುಳಿ ಇದೆ, ಅದಕ್ಕೊಂದು ಮುಚ್ಚಳವೂ ಇದೆ. ಎಸ್ಟ್ರಾಡಯೋಲ್ ಗುಳಿಯೊಳಗೆ ಕುಳಿತಾಗ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಆಗ ಮಾತ್ರ ಆ ಗ್ರಾಹಕವು ಡಿಎನ್‌ಎ ಮೇಲೆ ಕುಳಿತು ಬೇಕಾದ ಜೀನುಗಳನ್ನು ಎಚ್ಚರಿಸಬಲ್ಲದು. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಅದೇ ಗುಳಿಯಲ್ಲಿ ಕುಳಿತು ಮುಚ್ಚಳ ಕೂರದಂತೆ ತಡೆಯುತ್ತದೆ. ಆದರೆ ಈ ಗುಳಿ ಎಸ್ಟ್ರಾಡಯೋಲ್‌ನ ಗಾತ್ರಕ್ಕಿಂತ ಸುಮಾರು ಎರಡು ಪಾಲು ದೊಡ್ಡದಿರುವುದರಿಂದ, ರಚನೆಯಲ್ಲಿ ದೂರದ ಹೋಲಿಕೆಯಷ್ಟೇ ಇರುವ, ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಬಿಸ್ಫಿನಾಲ್-ಎ ಮುಂತಾದ ಪರಕೀಯ ವಸ್ತುಗಳೂ ಅಲ್ಲಿ ಜಾಗ ಮಾಡಿಕೊಳ್ಳುತ್ತವೆ. ಪುರುಷ ಹಾರ್ಮೋನಿನ ಗ್ರಾಹಕದಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಡಿಡಿಟಿ ಎಂಬ ಕೀಟನಾಶಕ ದೇಹದಲ್ಲಿ ಮಾರ್ಪಟ್ಟು ಉಳಿಯುವ ಡಿಡಿಇ ಆ ಜಾಗವನ್ನು ಹಿಡಿದುಕೊಂಡು, ತಾನೂ ಆಜ್ಞೆ ಕೊಡದೆ, ಟೆಸ್ಟೋಸ್ಟಿರೋನಿಗೂ ಎಡೆಗೊಡುವುದಿಲ್ಲ ಎಂಬುದು 1995ರಲ್ಲಿ ತಿಳಿಯಿತು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಎಂಡೋಸಲ್ಫಾನ್ ಸಹಜ ಈಸ್ಟ್ರೋಜೆನ್‌ಗಿಂತ ಸಾವಿರಾರು ಪಾಲು ದುರ್ಬಲ ಎಂದು ಓದಿದ್ದೇನೆ. ಹಾಗಿದ್ದರೆ ಹೆದರಬೇಕೇಕೆ?

ವೈದ್ಯರ ಉತ್ತರ: ನೀವು ಓದಿದ್ದು ನಿಜ, ಅದನ್ನು ಮುಚ್ಚಿಡಬಾರದು. ಈಸ್ಟ್ರೋಜೆನ್‌ಗೆ ಸ್ಪಂದಿಸುವ ಮಾನವ ಕೋಶಗಳ ಮೇಲೆ 1994ರಲ್ಲಿ ಪರೀಕ್ಷಿಸಿದಾಗ ಎಂಡೋಸಲ್ಫಾನ್ ಅವುಗಳನ್ನು ಬೆಳೆಸಿತು, ಆದರೆ ಬಹಳ ಹೆಚ್ಚಿನ ಪ್ರಮಾಣದಲ್ಲಿ. ಹಾಗಾಗಿ ಈಸ್ಟ್ರೋಜೆನ್‌ನ ಅನುಕರಣೆಯೊಂದೇ ಅದರ ಹಾನಿಯ ದಾರಿ ಎಂದು ನಾನು ನಂಬುವುದಿಲ್ಲ, ಮತ್ತು ಹಾಗೆ ನಂಬದಿರಲು ನಮ್ಮ ಗಡಿಯಾಚೆಯ ಹಳ್ಳಿಯೇ ಕಾರಣ ಒದಗಿಸಿದೆ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಕೇರಳದ ಕಾಸರಗೋಡು ಜಿಲ್ಲೆಯ ಪಡ್ರೆಯಲ್ಲಿ 10ರಿಂದ 19 ವರ್ಷದ 117 ಹುಡುಗರನ್ನೂ, ಸಿಂಪಡಣೆ ಕಾಣದ ಊರಿನ 90 ಹುಡುಗರನ್ನೂ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಪಡ್ರೆಯವರಲ್ಲಿ 7.47 ಪಿಪಿಬಿ (ನೂರು ಕೋಟಿ ಪಾಲಿಗೆ ಇಷ್ಟು ಪಾಲು), ಇನ್ನೊಂದು ಊರಿನವರಲ್ಲಿ 1.37 ಪಿಪಿಬಿ ಇತ್ತು. ಅದು ಹೆಚ್ಚಿದ್ದಷ್ಟೂ, ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಪ್ರೌಢತೆಯ ಲಕ್ಷಣಗಳು ಹಿಂದುಳಿದಿದ್ದವು, ಟೆಸ್ಟೋಸ್ಟಿರೋನ್ ಕಡಿಮೆಯಿತ್ತು, ಎಲ್‌ಎಚ್ ಮಾತ್ರ ಏರಿತ್ತು.

ಈ ಕೊನೆಯ ಅಂಶವನ್ನು ಗಮನಿಸಿ. ಎಲ್‌ಎಚ್ ಎಂಬುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ತಾಕೀತು. ಎಂಡೋಸಲ್ಫಾನ್ ಮುಖ್ಯವಾಗಿ ಈಸ್ಟ್ರೋಜೆನ್‌ನ ವೇಷದಲ್ಲಿ ಕೆಲಸ ಮಾಡಿದ್ದರೆ, ಪಿಟ್ಯುಟರಿ ಮೋಸಹೋಗಿ ಎಲ್‌ಎಚ್ ಇಳಿಯಬೇಕಿತ್ತು. ಅದು ಏರಿದೆಯೆಂದರೆ ತಾಕೀತು ಹೋಗುತ್ತಿದೆ, ವೃಷಣ ಮಾತ್ರ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂದೇ ತಿಳಿಯಬೇಕು. ಇಲಿಗಳಲ್ಲಿಯೂ ಈ ವಿಷವು ವೃಷಣದಲ್ಲಿ ಟೆಸ್ಟೋಸ್ಟಿರೋನ್ ತಯಾರಾಗುವುದನ್ನೇ ಕುಗ್ಗಿಸುತ್ತದೆ. ಅಧ್ಯಯನ ಚಿಕ್ಕದು, ಹಲವರು ಪರೀಕ್ಷೆಗೆ ಬರಲಿಲ್ಲ ಎಂದು ಅದನ್ನು ನಡೆಸಿದವರೇ ಬರೆದಿದ್ದಾರೆ. ಆದರೂ ‘ದುರ್ಬಲ’ ಎಂಬ ಒಂದು ಪದ ಹಿಡಿದುಕೊಂಡು ಆ ಮಕ್ಕಳ ವರದಿಯನ್ನು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಇದರ ಬಳಕೆ, ಮಾರಾಟ, ತಯಾರಿಕೆಯನ್ನು ತಡೆದದ್ದು ಸರಿಯಾಗಿಯೇ ಇತ್ತು.

ಮೊದಲ ಸದಸ್ಯರು: ಹಾಗಾದರೆ ನನ್ನ ಮಗನ ರಕ್ತದಲ್ಲಿ ಎಂಡೋಸಲ್ಫಾನ್ ಪರೀಕ್ಷೆ ಮಾಡಿಸಲೇ?

ವೈದ್ಯರ ಉತ್ತರ: ಬೇಡಮ್ಮ. ಪಡ್ರೆಯ ಆ ಹುಡುಗರು ಸಿಂಪಡಣೆಯ ಕೆಳಗೇ ಬೆಳೆದವರು. ನಿಮ್ಮ ಮಗ ಹುಟ್ಟುವ ಹೊತ್ತಿಗೆ ಅದು ನಿಂತು ವರ್ಷಗಳಾಗಿದ್ದವು, ಮತ್ತು ಎಂಡೋಸಲ್ಫಾನ್ ಡಿಡಿಟಿಯಷ್ಟು ಕಾಲ ಕೊಬ್ಬಿನಲ್ಲಿ ಉಳಿಯುವ ವಸ್ತುವಲ್ಲ. ನೀವು ಬಾಲ್ಯದಲ್ಲಿ ಕುಡಿದ ಬಾವಿನೀರಿಗಾಗಿ ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಹುಡುಗರಲ್ಲಿ ಪ್ರೌಢತೆ ತಡವಾಗಲು ಅತಿ ಸಾಮಾನ್ಯ ಕಾರಣ ಮನೆತನದಲ್ಲಿಯೇ ಬಂದ ನಿಧಾನದ ಬೆಳವಣಿಗೆ. 14 ತುಂಬಿದ ಮೇಲೂ ವೃಷಣದ ಗಾತ್ರ 4 ಮಿಲಿಲೀಟರ್ ದಾಟದಿದ್ದರೆ ಪರೀಕ್ಷೆ ಬೇಕು: ಬೆಳಗಿನ ಹೊತ್ತಿನ ಟೆಸ್ಟೋಸ್ಟಿರೋನ್, ಎಲ್‌ಎಚ್, ಎಫ್‌ಎಸ್‌ಎಚ್ (ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು), ಮತ್ತು ಮೂಳೆಯ ವಯಸ್ಸು ತಿಳಿಯಲು ಎಡಗೈ ಮಣಿಕಟ್ಟಿನ ಎಕ್ಸ್‌ರೇ. ಎಲ್‌ಎಚ್ ಏರಿ ಟೆಸ್ಟೋಸ್ಟಿರೋನ್ ಇಳಿದಿದ್ದರೆ ವೃಷಣದ ಕಡೆ ನೋಡಬೇಕಾಗುತ್ತದೆ. ಎರಡೂ ಕಡಿಮೆಯಿದ್ದರೆ ಹೆಚ್ಚಾಗಿ ಕಾದು ನೋಡಿದರೆ ಸಾಕು. ತಜ್ಞರನ್ನು ಕಾಣಲು ಹೋಗುವಾಗ ಮಗನ ಎತ್ತರವನ್ನು ಶಾಲೆಯಲ್ಲಿ ಬರೆದಿಟ್ಟಿದ್ದರೆ ಅದನ್ನು ತೆಗೆದುಕೊಂಡು ಹೋಗಿ, ಅವನ ಅಪ್ಪನಿಗೂ ಸೋದರಮಾವನಿಗೂ ಎಷ್ಟನೆಯ ವಯಸ್ಸಿಗೆ ಮೀಸೆ ಬಂದಿತ್ತೆಂದು ಮೊದಲೇ ಕೇಳಿಟ್ಟುಕೊಳ್ಳಿ.